ಕೋಲು ಮಾಡುವವನ ಕೋಲು

ಕುಶಲಕರ್ಮಿಯ ಅಂಗಡಿಗೆ ಹೋದ ಗಿರಾಕಿ ಎಲ್ಲವನ್ನೂ ಮುಟ್ಟಿ ನೋಡಿ, ಬೆಲೆ ವಿಚಾರಿಸಿ, ಕೊನೆಗೆ ಕೇಳುವ ಪ್ರಶ್ನೆಯೊಂದುಂಟು: ‘ಸ್ವಾಮಿ, ತಾವು ಸ್ವಂತಕ್ಕೆ ಬಳಸುವುದು ಯಾವುದು?’ ವೀಣೆ ಮಾಡುವವನಿಗೂ ಈ ಪ್ರಶ್ನೆ ತಪ್ಪಿದ್ದಲ್ಲ, ಲೇಖನಿ ಮಾರುವವನಿಗೂ ತಪ್ಪಿದ್ದಲ್ಲ. ಸ್ನೂಕರ್ ಆಟದ ಕೋಲು, ಅಂದರೆ ಕ್ಯೂ, ಮಾಡುವವರೂ ಇದಕ್ಕೆ ಉತ್ತರ ಹೇಳಬೇಕಾಗುತ್ತದೆ. ಪ್ರಶ್ನೆಯ ಹಿಂದಿನ ತರ್ಕ ಸರಳ: ಮಾರುವಾಗ ಮನುಷ್ಯ ಸುಳ್ಳಾಡಬಹುದು, ತನಗೆಂದು ಆರಿಸುವಾಗ ಆಡಲಾರ. ಈ ತರ್ಕ ಅರ್ಧ ಮಾತ್ರ ಸರಿ ಎಂದು ನನ್ನ ಎಣಿಕೆ.

ಸ್ನೂಕರ್ ಇಂಗ್ಲಿಷರ ಆಟವೆಂದು ಹೆಸರಾಗಿದ್ದರೂ ಅದು ಹುಟ್ಟಿದ್ದು ನಮ್ಮ ದೇಶದಲ್ಲಿ. 1875ರಲ್ಲಿ ಜಬ್ಬಲಪುರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣ ಸೇನಾಧಿಕಾರಿ (ಮುಂದೆ ಪ್ರಧಾನಿಯಾದ ಚೇಂಬರ್ಲೇನ್ ಬೇರೆ) ಇದನ್ನು ಹೂಡಿದನೆಂದೂ, ಅನಂತರ ಉದಕಮಂಡಲದ ಕ್ಲಬ್ಬಿನಲ್ಲಿ ನಿಯಮಗಳು ರೂಪುಗೊಂಡವೆಂದೂ ಹೇಳುತ್ತಾರೆ. ಆಟ ಇಲ್ಲಿಯದಾದರೂ ಕೋಲಿನ ಕಸುಬು ಬೆಳೆದದ್ದು ಇಂಗ್ಲೆಂಡಿನಲ್ಲಿ. ಈಗ ಥೈಲ್ಯಾಂಡ್, ಚೀನಾಗಳಲ್ಲೂ ಅದು ನೆಲೆಯೂರಿದೆ. ಕೋಲು ಮೂರು ಅಡಿಗೆ ಕಡಿಮೆಯಿರಕೂಡದು, ಆಕಾರ ರೂಢಿಯನ್ನು ಮೀರಕೂಡದು ಎನ್ನುವಲ್ಲಿಗೆ ನಿಯಮ ಸುಮ್ಮನಾಗುತ್ತದೆ. ಉಳಿದದ್ದೆಲ್ಲ ಮಾಡುವವನ ಮತ್ತು ಆಡುವವನ ಇಷ್ಟ.

ಆ ಇಷ್ಟದ ವ್ಯಾಪ್ತಿ ಸಣ್ಣದಲ್ಲ. ಸಾಧಾರಣ ಕೋಲು 57-58 ಅಂಗುಲ ಉದ್ದ, ಸುಮಾರು ಅರ್ಧ ಕಿಲೋ ತೂಕ. ಮುಂಭಾಗದ ದಂಡ ಹೆಚ್ಚಾಗಿ ಶೀತದೇಶದ ಆ್ಯಷ್ ಮರದ್ದು. ಕೆಲವರಿಗೆ ಮೇಪಲ್ ಪ್ರಿಯ. ಆ್ಯಷ್ ಮರದ ಎಳೆ ಎದ್ದು ಕಾಣುತ್ತದೆ. ದಂಡದ ಮೈಮೇಲೆ ಬಾಣದ ಮೊನೆಗಳಂತೆ ಸಾಲಾಗಿ ಮೂಡುತ್ತದೆ. ಅವನ್ನು ಮೇಲ್ಮುಖವಾಗಿ ಹಿಡಿದೇ ಆಡುವವರುಂಟು. ಕೋಲು ಪ್ರತಿ ಬಾರಿಯೂ ಅದೇ ಭಂಗಿಯಲ್ಲಿ ಕೈಗೆ ಬರಲೆಂದು. ಮೇಪಲ್ಲಿನ ಮೈ ನುಣುಪು, ಗೆರೆ ಕಂಡೂ ಕಾಣದಷ್ಟು. ಕಣ್ಣಿಗೆ ಅಡ್ಡಿಯಿಲ್ಲವೆಂಬುದೇ ಅದರ ಗುಣ. ಹಿಡಿಯ ಭಾಗಕ್ಕೆ ಕರಿಮರ. ದಂಡದ ಬುಡವನ್ನು ನಾಲ್ಕು ಕಡೆಯಿಂದ ಓರೆಯಾಗಿ ಕೀಸಿ, ಒಂದೊಂದು ಮಗ್ಗುಲಿಗೂ ಕರಿಮರದ ತುಂಡನ್ನು ಅಂಟಿಸಿ, ಮತ್ತೆ ಉಜ್ಜುಗೊರಡಿನಿಂದ ಗುಂಡಗೆ ಮಾಡಿದಾಗ ಆ ಕಪ್ಪು ನಾಲ್ಕು ನಾಲಗೆಗಳಾಗಿ ಬಿಳಿಯ ಮರದೊಳಕ್ಕೆ ಏರಿ ನಿಲ್ಲುತ್ತದೆ. ಕೈಗೆಲಸದಲ್ಲಿ ಆ ನಾಲಗೆಗಳ ತುದಿ ದುಂಡಗೆ, ಯಂತ್ರದ ಕೆಲಸದಲ್ಲಿ ಚೂಪಗೆ. ಒನಕೆಗೆ ಹಾಕುವಂತೆ ಮೂತಿಗೊಂದು ಹಿತ್ತಾಳೆಯ ಅಣಸು, ಅದರ ಮೇಲೆ ತೊಗಲಿನ ಬಿಲ್ಲೆ. ಬಣ್ಣಬಣ್ಣದ ಮರದ ಪದರಗಳು, ಹೆಸರಿನ ಫಲಕ, ಇವೆಲ್ಲ ಹಿಡಿಯ ಕಡೆಗೇ ಸೇರಿದವು. ಬೆಲೆ ಏರುವುದು ಬಹುಮಟ್ಟಿಗೆ ಅಲ್ಲಿಯೇ.

ಆದರೆ ಚೆಂಡಿಗೆ ತಾಗುವುದು ಇನ್ನೊಂದು ತುದಿ! ಬಿಳಿಯ ಚೆಂಡನ್ನು ನಡುಮಧ್ಯೆ ಹೊಡೆಯದೆ ಪಕ್ಕಕ್ಕೆ ಹೊಡೆದರೆ ಅದು ಗುರಿಯ ಗೆರೆಯಿಂದ ಕೊಂಚ ಆಚೆಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆಂಬುದು ಕೋಲಿನ ಮುಂತುದಿಯ ತೂಕವನ್ನು ಬಹಳವಾಗಿ ಅವಲಂಬಿಸಿದೆ. ಆಟಗಾರನ ಕಣ್ಣು ವರ್ಷಗಟ್ಟಲೆ ಅಭ್ಯಾಸದಿಂದ ಆ ಸರಿತವನ್ನು ಲೆಕ್ಕ ಹಾಕಲು ಕಲಿತಿರುತ್ತದೆ. ತಾನು ಲೆಕ್ಕ ಹಾಕುತ್ತಿದ್ದೇನೆಂಬ ಅರಿವೂ ಅದಕ್ಕಿರುವುದಿಲ್ಲ. ಕೋಲು ಬದಲಾದರೆ ಲೆಕ್ಕವೇ ಬದಲು. ಸ್ಕಾಟ್ಲೆಂಡಿನ ಸ್ಟೀಫನ್ ಹೆಂಡ್ರಿ 1990ರಿಂದ 1999ರೊಳಗೆ ಏಳು ಸಲ ವಿಶ್ವವಿಜಯಿಯಾದದ್ದು ಸುಮಾರು ನಲವತ್ತು ಪೌಂಡಿನ ಒಂದು ಸಾಮಾನ್ಯ ಕೋಲಿನಿಂದ. ಅದು 1990ರಲ್ಲಿ ಕಳುವಾದಾಗ ಮರಳಿ ಪಡೆಯಲು ಅವರು ಹತ್ತುಸಾವಿರ ಪೌಂಡಿನ ಬಹುಮಾನ ಘೋಷಿಸಬೇಕಾಯಿತು. 2003ರಲ್ಲಿ ವಿಮಾನದ ಸಾಮಾನುಗಳ ನಡುವೆ ಅದು ಮುರಿದೇ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ಆ ಹತ್ತುಸಾವಿರ ಮರಕ್ಕೆ ಕೊಟ್ಟ ಬೆಲೆಯಲ್ಲ, ತನ್ನ ಕಣ್ಣು ಅದರೊಡನೆ ಕಲಿತಿದ್ದ ಪಾಠಕ್ಕೆ ಕೊಟ್ಟ ಬೆಲೆ.

ಈಗ ಕೋಲು ಮಾಡುವವನ ಸ್ಥಾನದಲ್ಲಿ ನಿಂತು ನೋಡೋಣ. ಅವನ ಸುತ್ತ ಹತ್ತಾರು ದಂಡಗಳು ಒಣಗುತ್ತ ತೂಗಾಡುತ್ತಿವೆ. ಇಂದು ಆಡಿದ ಕೋಲು ಒಗ್ಗಲಿಲ್ಲವೆಂದರೆ ನಾಳೆ ಅದರ ಮೂತಿಯನ್ನು ಕೂದಲೆಳೆಯಷ್ಟು ಕೀಸಬಲ್ಲ. ನಾಡಿದ್ದು ಇನ್ನೊಂದನ್ನು ಎತ್ತಿಕೊಳ್ಳಬಲ್ಲ. ಈ ಸ್ವಾತಂತ್ರ್ಯ ಗಿರಾಕಿಗಿಲ್ಲ. ಆದ್ದರಿಂದ ‘ನನ್ನದು ಇದು’ ಎಂದು ಅವನು ತೋರಿಸುವ ಕೋಲು ಒಂದು ತೀರ್ಪಲ್ಲ, ನಡೆಯುತ್ತಿರುವ ವಿಚಾರಣೆ ಮಾತ್ರ. ಅಲ್ಲದೆ ಅವನ ತೋಳಿನ ಉದ್ದ ಅವನದು, ನಿಲುವು ಅವನದು. ಒಳ್ಳೆಯ ಕೋಲು ಮಾಡುವವನು ಒಳ್ಳೆಯ ಆಟಗಾರನೇ ಆಗಿರಬೇಕೆಂದೂ ಇಲ್ಲವಲ್ಲ! ಮೇಷ್ಟರು ಯಾವ ಟಿಪ್ಪಣಿ ಇಟ್ಟುಕೊಂಡಿದ್ದಾರೆಂದು ಇಣುಕುವ ವಿದ್ಯಾರ್ಥಿಯಂತೆ, ಗಿರಾಕಿ ತನ್ನ ಕೈಯನ್ನು ತಾನೇ ಅರಿಯುವ ಶ್ರಮವನ್ನು ಇನ್ನೊಬ್ಬನ ಮೇಲೆ ಹೊರಿಸುತ್ತಾನೆ.

ಇನ್ನೊಂದು ತೊಡಕಿದೆ, ಇದು ಹೊಸದು. ಉತ್ತರ ಅಮೆರಿಕದಲ್ಲಿ ಆ್ಯಷ್ ಮರಕ್ಕೆ ಹಸಿರು ದುಂಬಿಯೊಂದರ ಕಾಟ 2002ರಲ್ಲಿ ಪತ್ತೆಯಾಗಿ, ಅಲ್ಲಿಂದೀಚೆಗೆ ಕೋಟಿಗಟ್ಟಲೆ ಮರಗಳು ಒಣಗಿವೆ. ಬ್ರಿಟನ್ನಿನಲ್ಲಿ ಶಿಲೀಂಧ್ರದಿಂದ ಬರುವ ಬೇರೊಂದು ರೋಗ 2012ರಲ್ಲಿ ಕಾಣಿಸಿಕೊಂಡಿತು. ಎಳೆ ನೇರವಾಗಿರುವ ಒಳ್ಳೆಯ ಹಲಗೆ ಎಂದೂ ಹೇರಳವಾಗಿರಲಿಲ್ಲ. ಕಾಡೇ ಕರಗುವಾಗ ಅದಕ್ಕಾಗಿ ಇನ್ನಷ್ಟು ಹುಡುಕಬೇಕು. ಹೀಗಿರುವಾಗ ರಾಶಿಯಲ್ಲಿ ಅತ್ಯುತ್ತಮವಾದುದನ್ನು ಕಸುಬುದಾರ ತನಗೇ ಇಟ್ಟುಕೊಳ್ಳುವುದು ಉಚಿತವೆ? ಕೂಡದೆಂದೇ ನಾನು ಹೇಳುತ್ತೇನೆ. ಶುದ್ಧವಾದ ದಂಡ ಆಡಿ ಬಾಳುವವನಿಗೆ ಸಲ್ಲಲಿ. ಎಳೆ ಕೊಂಚ ಓರೆಯಾದದ್ದು, ಕಪ್ಪು ಕಲೆಯಿರುವುದು, ನಾಲ್ಕು ನಾಲಗೆಗಳಲ್ಲಿ ಒಂದು ಗಿಡ್ಡವಾದದ್ದು, ಇಂಥ ಸಂಶಯದ ಕೋಲನ್ನೇ ಅವನು ತಾನಾಗಿ ಆಡಿ ನೋಡಬೇಕು. ಯಾವ ದೋಷ ಕಣ್ಣಿನದು, ಯಾವುದು ಚೆಂಡಿನವರೆಗೂ ಹೋಗುವಂಥದು ಎಂಬ ವಿವೇಕ ಬೇರೆ ಹೇಗೆ ಬರಬೇಕು? ಇದನ್ನೊಪ್ಪಿದರೆ, ಅವನ ಸ್ವಂತದ ಕೋಲೇ ಗಿರಾಕಿ ಕೊಳ್ಳಬಾರದ ಕೋಲಾಯಿತು.

ಬೆಂಗಳೂರಿನ ಪಂಕಜ್ ಅದ್ವಾನಿಯವರು ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ವಿಶ್ವವಿಜಯಿಗಳಾದುದನ್ನು ಕಂಡು ಬೆಳೆದ ಹುಡುಗರು ನಮ್ಮಲ್ಲಿ ಬಹಳ ಮಂದಿ. ಅವರಲ್ಲೊಬ್ಬ ತಂದೆಯ ದುಡ್ಡಿನೊಡನೆ ಮೊದಲ ಕೋಲು ಕೊಳ್ಳಲು ಹೊರಟಿದ್ದರೆ ಒಂದು ಮಾತು: ‘ತಾವು ಇಟ್ಟುಕೊಂಡದ್ದು ಯಾವುದು’ ಎಂದು ಕೇಳಬೇಡಪ್ಪ, ‘ತಾವು ಬೇಡವೆಂದು ಬಿಟ್ಟದ್ದು ಯಾವುದು, ಏತಕ್ಕೆ’ ಎಂದು ಕೇಳು. ಆಗ ಅವನು ಮೂಲೆಯಿಂದ ನಾಲ್ಕಾರು ಕೋಲುಗಳನ್ನು ಎಳೆದು ತಂದಾನು. ಇದರ ಎಳೆ ಅರ್ಧದಲ್ಲೇ ಪಕ್ಕಕ್ಕೆ ಓಡುತ್ತದೆ, ಇದು ಮಳೆಗಾಲದ ತೇವಕ್ಕೆ ಬಾಗಿತು, ಇದರ ಮೂತಿ ಮೆತ್ತಗೆ ಎಂದು ಒಂದೊಂದನ್ನೂ ನಿನ್ನ ಕೈಗೆ ಕೊಟ್ಟು ವಿವರಿಸಿಯಾನು.