ಮೂಕವಾಗಿದ್ದ ದೈತ್ಯ ಮತ್ತೆ ನುಡಿದಾಗ

'ಹಾರ್ಮೋನಿಯಂ ಅನ್ನೇ ದೊಡ್ಡದಾಗಿ ಮಾಡಿದರೆ ಪೈಪ್ ಆರ್ಗನ್ ಆಗುತ್ತದೆಯೇ ಸಾರ್?' ಎಂದು ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ. ಇಲ್ಲ. ಹಾರ್ಮೋನಿಯಂನಲ್ಲಿ ಅದುರುವುದು ಲೋಹದ ರೀಡು. ಆರ್ಗನ್ನಿನ ಬಹುಪಾಲು ಕೊಳವೆಗಳಲ್ಲಿ ಅದುರುವುದು ಒಳಗಿನ ಗಾಳಿಯೇ. ಅದು ನಮ್ಮ ಕೊಳಲಿನ ಬಳಗ. ಆದರೆ ಸ್ವರಕ್ಕೊಂದು ಕೊಳವೆ ಬೇಕು.

ಆಸ್ಟ್ರಿಯದ ವಿಯೆನ್ನಾದಲ್ಲಿ ಸಂತ ಸ್ಟೀಫನ್ನರ ಹಳೆಯ ಕೆಥೆಡ್ರಲ್ ಇದೆ. 1945ರ ಏಪ್ರಿಲ್‌ನಲ್ಲಿ, ಯುದ್ಧದ ಕಡೆಯ ದಿನಗಳಲ್ಲಿ, ಅದಕ್ಕೆ ಬೆಂಕಿ ಬಿದ್ದು ಮಾಡಿನೊಡನೆ 1886ರ ಆರ್ಗನ್ನೂ ಸುಟ್ಟುಹೋಯಿತು. 1960ರಲ್ಲಿ ಕೌಫ್‌ಮನ್ ಸಂಸ್ಥೆ ಹೊಸದನ್ನು ಕಟ್ಟಿತು. ಜನ ಅದನ್ನು 'ದೈತ್ಯ ಆರ್ಗನ್' ಎಂದರು. 1991ರಲ್ಲಿ ರೀಗರ್ ಸಂಸ್ಥೆಯ ಇನ್ನೊಂದು ಆರ್ಗನ್ ಬಂದಮೇಲೆ ಈ ದೈತ್ಯ ಮೂಕವಾಗಿ ಕುಳಿತಿತು.

ಇಪ್ಪತ್ತೈದು ವರ್ಷ ನುಡಿಯದ ವಾದ್ಯವನ್ನು ಗುಜರಿಗೆ ಹಾಕಬೇಕೇ? ಇಲ್ಲಿ ಒಂದು ವಿಷಯ ಗಮನಿಸಿ. ಕೊಳವೆಯಲ್ಲಿ ಚಲಿಸುವ ಭಾಗವೇ ಇಲ್ಲ, ಹಾಗಾಗಿ ಅದು ಸುಲಭವಾಗಿ ಸವೆಯುವುದಿಲ್ಲ. ಸಾಮಾನ್ಯವಾಗಿ ಕೆಡುವುದು ಕವಾಟದ ಚರ್ಮ, ವಿದ್ಯುತ್ ಸಂಪರ್ಕ, ಗಾಳಿಪೆಟ್ಟಿಗೆ. 2017ರಲ್ಲಿ ಕೆಲಸ ಹಿಡಿದ ರೀಗರ್‌ನವರು ಹಳೆಯ ಕೊಳವೆಗಳನ್ನು ಸರಿಪಡಿಸಿ ಮತ್ತೆ ಬಳಸಿದರು. ಹೊಸದನ್ನೂ ಸೇರಿಸಿ ದೈತ್ಯನಿಗೆ 130 ಕೊಳವೆ ಶ್ರೇಣಿಗಳಾದವು. 1991ರ ಆರ್ಗನ್ನಿನ 55 ಸೇರಿದರೆ 185. ಕೊಳವೆಗಳು 12 ಸಾವಿರಕ್ಕೂ ಹೆಚ್ಚು. ನನ್ನ ಮಟ್ಟಿಗೆ, ಹೊಸದು ಸೇರಿದ್ದಕ್ಕಿಂತ ಹಳೆಯದು ಉಳಿದದ್ದೇ ದೊಡ್ಡ ಸಂಗತಿ.

ಈಗ ಎರಡನ್ನೂ ಒಂದೇ ಕೀಲಿಮಣೆಯಿಂದ ನುಡಿಸಬಹುದು. ಇದು ಕೇಳಿದಷ್ಟು ಸರಳವಲ್ಲ. ಎರಡರ ನಡುವೆ 50 ಮೀಟರ್ ದೂರವಿದೆ ಎಂದಿಟ್ಟುಕೊಳ್ಳಿ. ವಿದ್ಯುತ್ ಸಂಕೇತ ಕ್ಷಣದಲ್ಲೇ ತಲುಪುತ್ತದೆ; ಆದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಆಚೆಯ ಸ್ವರ ವಾದಕನ ಕಿವಿಗೆ ಬೀಳುವುದು 0.15 ಸೆಕೆಂಡು ತಡವಾಗಿ. ಕಿವಿಯನ್ನು ನಂಬಿ ಅದಕ್ಕಾಗಿ ಕಾದರೆ ತಾಳ ಕೆಟ್ಟಿತು! ಅವನು ಬೆರಳನ್ನೇ ನಂಬಬೇಕು.

ಶ್ರುತಿಯೂ ಒಂದು ತಲೆನೋವು. ಗಾಳಿಯ ಉಷ್ಣತೆ 10 ಡಿಗ್ರಿ ಏರಿದರೆ ಶಬ್ದದ ವೇಗ ಸುಮಾರು 6 ಮೀಟರ್ ಹೆಚ್ಚುತ್ತದೆ, ಸ್ವರವೂ ಏರುತ್ತದೆ. ಆರ್ಗನ್ನಿನಲ್ಲಿ ರೀಡಿರುವ ಕೊಳವೆಗಳೂ ಕೆಲವಿರುತ್ತವೆ; ಅವು ಅಷ್ಟಾಗಿ ಏರುವುದಿಲ್ಲ. ಚಳಿಗಾಲದಲ್ಲಿ ಹೊಂದಿದ್ದ ಎರಡು ಗುಂಪುಗಳು ಬೇಸಿಗೆಯಲ್ಲಿ ಜಗಳವಾಡುತ್ತವೆ.

2020ರ ಈಸ್ಟರ್‌ಗೆ ನುಡಿಯಬೇಕಿದ್ದ ದೈತ್ಯ ಕೊರೊನಾದಿಂದಾಗಿ ಅಕ್ಟೋಬರ್ 4ರಂದು ನುಡಿಯಿತು.

ನೀವೂ ಒಂದು ಕೊಳವೆ ನುಡಿಸಿ ನೋಡಿ. ವೈರಿಂಗ್ ಮಾಡಿದಾಗ ಉಳಿದ ಪಿವಿಸಿ ಪೈಪಿನ ಅರ್ಧ ಮೀಟರ್ ತುಂಡು ಸಾಕು. ಒಂದು ತುದಿಯನ್ನು ಅಂಗೈಯಿಂದ ತಟ್ಟಿ, ತಕ್ಷಣ ಕೈ ತೆಗೆಯಿರಿ: ಸುಮಾರು 340 ಹರ್ಟ್ಸ್ ಸ್ವರ. ತಟ್ಟಿ ಕೈಯನ್ನು ಅಲ್ಲೇ ಇಡಿ: ಅದರ ಅರ್ಧ, ಒಂದು ಸ್ಥಾಯಿ ಕೆಳಗೆ. ಒಂದು ತುದಿ ಮುಚ್ಚಿದ ಕೊಳವೆ ಅರ್ಧ ಉದ್ದದಲ್ಲೇ ಅದೇ ಮಂದ್ರ ಸ್ವರ ಕೊಡುತ್ತದೆ. ಜಾಗ ಸಾಲದಿದ್ದಾಗ ಆರ್ಗನ್ ಕಟ್ಟುವವರು ಮಾಡುವ ಉಪಾಯವೂ ಇದೇ. ತಂದೆತಾಯಂದಿರು ಹತ್ತು ನಿಮಿಷ ಈ ಗದ್ದಲ ಸಹಿಸಿಕೊಳ್ಳಬೇಕಾಗಿ ವಿನಂತಿ.