ರಿಸ್ಕು ಯಾರದ್ದು ಸ್ವಾಮಿ?

ವರ್ಷಕ್ಕೊಂದು ಸಲ ನಮ್ಮ ಆಫೀಸಿನ ಮೇಲ್‌ಬಾಕ್ಸಿಗೆ ಒಂದು ಪಿಡಿಎಫ್ ಬಂದು ಬೀಳುತ್ತೆ. ವಿದೇಶಿ ಹೂಡಿಕೆದಾರರಿಗೆ ಭಾರತದ ಮುನ್ನೋಟ, ಅಂತ ಅದರ ಸಾರಾಂಶ. ಚುನಾವಣೆ, ರೂಪಾಯಿ, ತೆರಿಗೆ, ನೀತಿಯ ಸ್ಥಿರತೆ ಅಂತೆಲ್ಲಾ ಅಧ್ಯಾಯಗಳು, ಕೊನೆಗೆ ಹಸಿರು-ಹಳದಿ-ಕೆಂಪಿನ ಒಂದು ಟೇಬಲ್ಲು. ಕೆಂಪು ಅಂದ್ರೆ ‘ರಾಜಕೀಯ ರಿಸ್ಕ್’. ಆ ರಿಸ್ಕನ್ನು ಹೊರೋರು ಯಾರು ಅನ್ನೋ ಕಾಲಮ್ಮು ಮಾತ್ರ ನಾನು ನೋಡಿದ ಯಾವ ಟೇಬಲ್ಲಿನಲ್ಲೂ ಇರಲಿಲ್ಲ.

2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇನ್ವೆಸ್ಟ್ ಕರ್ನಾಟಕ ಸಮಾವೇಶ ಮುಗಿದಾಗ 10.27 ಲಕ್ಷ ಕೋಟಿ ರೂಪಾಯಿ ಹೂಡಿಕೆಯ ಭರವಸೆ ಅಂತ ಹೆಡ್‌ಲೈನ್ ಬಂತು. ಬರಲಿ, ಸಂತೋಷ. ನನ್ನ ಮಾತು ಮುಂದೆ ಬರೋ ದುಡ್ಡಿನದ್ದಲ್ಲ. ನೂರು ವರ್ಷಕ್ಕೂ ಹಿಂದೆಯೇ ಈ ದೇಶಕ್ಕೆ ಬಂದು, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕೆಂಪು ಮಣ್ಣಿನ ತನಕ ಬೇರು ಬಿಟ್ಟಿರೋ ದುಡ್ಡಿನದ್ದು.

ಮೈಸೂರಿನಿಂದ ಕೋಟೆ ಕಡೆ ಹೋಗುವಾಗ ಹಂಪಾಪುರ ಸಿಗುತ್ತೆ. ಕಬಿನಿ ರೆಸಾರ್ಟಿಗೆ ವೀಕೆಂಡ್ ಹೋಗೋರು ಅಲ್ಲಿ ಟೀ ಕುಡಿದು ಮುಂದೆ ಹೋಗಿರ್ತೀರಿ. ಆ ಸುತ್ತಮುತ್ತ ಹೊಲಗಳ ನಡುವೆ ಎತ್ತರದ ಗೋಡೆಯ, ಕಿಟಕಿ ಕಾಣದ ಕಟ್ಟಡಗಳಿವೆ. ಗೋಡೌನ್ ಅಂದ್ಕೊಂಡಿದ್ರೆ ಅಲ್ಲ, ಅವು ಬ್ಯಾರನ್‌ಗಳು. ವರ್ಜೀನಿಯಾ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಒಳಗೆ ಸಾಲಾಗಿ ತೂಗುಹಾಕಿ, ಐದಾರು ದಿನ ಹಗಲೂ ರಾತ್ರಿ ಸೌದೆ ಉರಿಸಿ ಬೇಯಿಸೋ ಜಾಗ. ಶಾಖ ಹಂತಹಂತವಾಗಿ ಏರಬೇಕು. ಒಂದು ರಾತ್ರಿ ಕಣ್ಣು ಹತ್ತಿ ಬೆಂಕಿ ಹೆಚ್ಚುಕಮ್ಮಿ ಆಯ್ತೋ, ಚಿನ್ನದ ಬಣ್ಣ ಬರಬೇಕಾದ ಸೊಪ್ಪು ಕಂದು ತಿರುಗುತ್ತೆ, ಹರಾಜಿನಲ್ಲಿ ಗ್ರೇಡು ಬೀಳುತ್ತೆ. ಇದಕ್ಕೆಲ್ಲ ತಂಬಾಕು ಮಂಡಳಿಯ ಲೈಸೆನ್ಸ್ ಬೇಕು. ಮಂಡಳಿ ಹುಟ್ಟಿದ್ದು 1976ರಲ್ಲಿ, ಕೇಂದ್ರ ಕಚೇರಿ ಗುಂಟೂರು. ಕರ್ನಾಟಕದಲ್ಲಿ ಎಷ್ಟು ಬೆಳೀಬೇಕು ಅಂತ ವರ್ಷವರ್ಷ ಮಿತಿ ಗೊತ್ತು ಮಾಡೋದು ಅದೇ.

ಈಗ ಸರ್ಕಾರದ ಎರಡು ನಾಲಿಗೆ ನೋಡಿ. 2004ರಲ್ಲಿ ಭಾರತ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿತು. 2010ರಲ್ಲಿ ಸಿಗರೇಟು ತಯಾರಿಕೆಯಲ್ಲಿ ವಿದೇಶಿ ನೇರ ಹೂಡಿಕೆಯನ್ನೇ ನಿಷೇಧಿಸಿತು. 2016ರಿಂದ ಪ್ಯಾಕಿನ 85% ಭಾಗ ಭಯಂಕರ ಚಿತ್ರ. ಇಷ್ಟು ಆರೋಗ್ಯ ಇಲಾಖೆಯ ನಾಲಿಗೆ. ವಾಣಿಜ್ಯ ಇಲಾಖೆಯದ್ದು ಬೇರೆ: ಅದರ ಅಡಿಯಲ್ಲೇ ಇರೋ ಮಂಡಳಿ ಕಟ್ಟೆಮಳಲವಾಡಿ, ಪಿರಿಯಾಪಟ್ಟಣ, ಕಂಪಲಾಪುರ, ಎಚ್.ಡಿ. ಕೋಟೆಯಲ್ಲಿ ಹರಾಜು ನಡೆಸಿ, ಸೊಪ್ಪು ವಿದೇಶಕ್ಕೆ ಹೋದರೆ ರಫ್ತಿನ ಲೆಕ್ಕ ಹೇಳಿ ಬೆನ್ನು ತಟ್ಟಿಕೊಳ್ಳುತ್ತೆ.

2010ರ ನಿಷೇಧದಿಂದ ಲಾಭ ಆಗಿದ್ದು ಯಾರಿಗೆ? ಹೊಸಬರಿಗೆ ಬಾಗಿಲು ಮುಚ್ಚಿತು, ಒಳಗಿದ್ದೋರು ಒಳಗೇ ಉಳಿದರು. 1910ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಅಂತ ಶುರುವಾದ ಐಟಿಸಿಯಲ್ಲಿ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊದ ಪಾಲು 2024ರ ಆರಂಭದವರೆಗೂ ಸುಮಾರು 29% ಇತ್ತು. ಹರಾಜು ಕಟ್ಟೆಯಲ್ಲಿ ದೊಡ್ಡ ಖರೀದಿದಾರ ಐಟಿಸಿಯೇ. ಸಿಗರೇಟು ಮಾಡೋ ಕಂಪನಿಗಳೇ ಬೆರಳೆಣಿಕೆಯಷ್ಟು ಅಂದಮೇಲೆ ಬೆಳೆಗಾರ ಯಾರ ಹತ್ತಿರ ಚೌಕಾಸಿ ಮಾಡಬೇಕು? ಆರೋಗ್ಯದ ಹೆಸರಲ್ಲಿ ನಾವು ಕಟ್ಟಿದ್ದು ಇದ್ದವರ ಕೋಟೆಗೆ ಇನ್ನೊಂದು ಸುತ್ತು ಗೋಡೆ.

ಇನ್ನು ಹೊರಗೆ ಹೋಗೋದು. 2024ರ ಮಾರ್ಚಿನಲ್ಲಿ ಬಿಎಟಿ ತನ್ನ ಪಾಲಿನಲ್ಲಿ 3.5% ಮಾರಿತು. ಒಂದೇ ಬ್ಲಾಕ್ ಡೀಲ್, 17 ಸಾವಿರ ಕೋಟಿ ರೂಪಾಯಿಗೂ ಮೇಲೆ. ಆ ದುಡ್ಡಿನಲ್ಲಿ ತನ್ನದೇ ಷೇರುಗಳನ್ನು ವಾಪಸ್ ಕೊಳ್ಳೋದಾಗಿ ಹೇಳಿತು. 2025ರ ಮೇನಲ್ಲಿ ಇನ್ನೊಂದು 2.5% ಹೋಯ್ತು. ತಪ್ಪೇನಿಲ್ಲ, ಅವರ ಆಸ್ತಿ, ಮಾರ್ಕೊಂಡ್ರು. ಆದರೆ ಹಂಪಾಪುರದ ಬೆಳೆಗಾರ ಇದೇ ಧಂಧೆಯ ತನ್ನ ಪಾಲನ್ನು ಯಾವ ಬ್ಲಾಕ್ ಡೀಲಿನಲ್ಲಿ ಮಾರಬೇಕು? ಅವನ ಬಂಡವಾಳ ಬ್ಯಾರನ್ನಿನ ಗೋಡೆಯಲ್ಲಿದೆ, ಮೇಸ್ತ್ರಿಗೆ ಕೊಟ್ಟ ಮುಂಗಡದಲ್ಲಿದೆ, ಸೊಸೈಟಿ ಸಾಲದಲ್ಲಿದೆ.

‘ಹಾಳು ತಂಬಾಕು, ಬೆಳೆಯೋದನ್ನೇ ಬಿಡಲಿ’ ಅಂತ ಇಲ್ಲಿ ಕೆಲವರಿಗೆ ಅನ್ನಿಸಿರುತ್ತೆ. ಸಿಗರೇಟಿನ ಪರ ನಾನೂ ಇಲ್ಲ. ಹಸಿ ಸೊಪ್ಪು ಮುರಿಯುವಾಗ ನಿಕೋಟಿನ್ ಚರ್ಮದೊಳಕ್ಕೆ ಇಳಿದು ತಲೆ ಸುತ್ತು, ವಾಂತಿ ಬರೋದನ್ನು ಕೂಲಿ ಹೆಂಗಸರನ್ನೇ ಕೇಳಿ, ಯಾವ ಪ್ಯಾಕಿನ ಮೇಲೂ ಆ ಚಿತ್ರ ಇಲ್ಲ. ಆದರೆ ಬಿಟ್ಟು ಏನು ಬೆಳೀಬೇಕು ಅಂತ ನಮ್ಮ ಸೋದರಮಾವನನ್ನು ಕೇಳಿದ್ದಕ್ಕೆ ಬಂದ ಉತ್ತರ ಇದು: “ಲೋ ಮಗ, ಸುಂಠಿ ಹಾಕ್ದೆ ಅನ್ಕೋ. ರೇಟು ಬಿದ್ರೆ ಕಿತ್ತ ಕೂಲಿನೂ ಹುಟ್ಟಕಿಲ್ಲ. ಹೊಗೆಸೊಪ್ಪಾದ್ರೆ ಬೇಲ್ ಕಟ್ಕಂಡು ಹರಾಜಿಗಾದ್ರೂ ಹೋಯ್ತೀವಿ, ದುಡ್ಡು ಬ್ಯಾಂಕಿಗೆ ಬತ್ತದೆ.” ಬೆಲೆ ಎಷ್ಟೇ ಇರಲಿ, ಕೊಳ್ಳೋನು ಒಬ್ಬ ಇದ್ದಾನೆ ಅನ್ನೋದೇ ಅವರಿಗೆ ದೊಡ್ಡದು. ಅಂಥ ಖಾತ್ರಿಯನ್ನು ರಾಗಿಗೋ ಹತ್ತಿಗೋ ಜೋಳಕ್ಕೋ ಯಾವ ಸರ್ಕಾರವೂ ಇಷ್ಟು ಅಚ್ಚುಕಟ್ಟಾಗಿ ಕಟ್ಟಿಕೊಟ್ಟಿಲ್ಲ. ನಾವು ಅನುಮೋದಿಸಿದ ಅದೇ ಒಪ್ಪಂದದ 17ನೇ ವಿಧಿ ಬೆಳೆಗಾರರಿಗೆ ಬದುಕೋ ಪರ್ಯಾಯ ಕೊಡಬೇಕು ಅನ್ನುತ್ತೆ. ಚಿತ್ರ ಅಚ್ಚು ಹಾಕಿಸೋಕೆ ಇದ್ದ ಅವಸರ ಆ ವಿಧಿಯ ಬಗ್ಗೆ ಕಾಣಲಿಲ್ಲ.

ಸಿಗರೇಟು ತೆರಿಗೆಯಲ್ಲಿ ಒಂದು ಪಾಲನ್ನು ಈ ನಾಲ್ಕು ತಾಲ್ಲೂಕಿನಲ್ಲಿ ತಂಬಾಕು ಬಿಡೋರಿಗೆ ಅಂತಲೇ ಎತ್ತಿಡಿ. ಲೈಸೆನ್ಸ್ ವಾಪಸ್ ಕೊಟ್ಟವರಿಗೆ ಬ್ಯಾರನ್ನಿನ ಬೆಲೆ ಕೊಡಿ, ಮೊದಲ ಮೂರು ವರ್ಷ ಬದಲಿ ಬೆಳೆಗೆ ಖರೀದಿ ಖಾತ್ರಿ ಕೊಡಿ. ಬ್ಯಾರನ್ನಿಲ್ಲದ ಕೂಲಿಯವರ ಹೆಸರೂ ಆ ಪಟ್ಟಿಯಲ್ಲಿರಲಿ.

ಇದು ನಮಗೆ ಸಂಬಂಧಿಸಿದ್ದಲ್ಲ ಅಂತೀರಾ? ನಿಮ್ಮ ಎಸ್‌ಐಪಿ ನಿಫ್ಟಿ 50 ಇಂಡೆಕ್ಸ್ ಫಂಡಿನಲ್ಲಿದ್ದರೆ ಐಟಿಸಿ ನಿಮ್ಮ ಹತ್ತಿರವೂ ಇದೆ. ಎಲ್‌ಐಸಿ ಪಾಲಿಸಿ ಇದ್ದರೆ ಆ ದಾರಿಯಲ್ಲೂ ಇದೆ. ಕಂಪನಿಯ ಸಭೆಗಳಲ್ಲಿ ನಿಮ್ಮ ಪರವಾಗಿ ಓಟು ಹಾಕೋದು ಫಂಡ್ ಹೌಸು. ಹೇಗೆ ಹಾಕಿದ್ರು ಅನ್ನೋದನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕು ಅಂತ ಸೆಬಿ ನಿಯಮ ಇದೆ, ತೆಗೆದು ನೋಡಿ. ಸ್ವಂತದ್ದು ಒಂದೇ ಒಂದು ಷೇರಿದ್ದರೂ ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳೋಕೆ ಹೆಸರು ಕೊಡಬಹುದು, ಸಭೆ ಈಗ ಆನ್‌ಲೈನ್. ನಾನು ಬರೆದಿಟ್ಟುಕೊಂಡಿರೋ ಪ್ರಶ್ನೆ ಚಿಕ್ಕದು: ಷೇರುದಾರನಿಗೆ ಹೊರಗೆ ಹೋಗೋಕೆ ಒಂದು ದಿನ ಸಾಕಾದರೆ, ಸೊಪ್ಪು ಬೆಳೆಯೋನಿಗೆ ಎಷ್ಟು ವರ್ಷ ಬೇಕು, ಅದಕ್ಕೆ ಈ ಸಲದ ಲಾಭದಲ್ಲಿ ಎಷ್ಟು ಎತ್ತಿಟ್ಟಿದ್ದೀರಿ?