ಗಾಳಿ ಕರೆಂಟ್: ಸೊಲ್ಲಾಪುರದ ಮಗ್ಗದವರಿಗೂ ನಮಗೂ ಒಂದೇ ಲೆಕ್ಕ

ಸೊಲ್ಲಾಪುರದ ಚಾದರ, ಟವೆಲ್ ಇಲ್ಲದ ಬಟ್ಟೆ ಅಂಗಡಿ ನಮ್ಮ ಕರಾವಳಿಯಲ್ಲಿ ಅಪರೂಪ. ಅವು ತಯಾರಾಗುವುದು ಸೊಲ್ಲಾಪುರ ನಗರ ಮತ್ತು ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ಪ್ರದೇಶದ ವಿದ್ಯುತ್ ಮಗ್ಗಗಳಲ್ಲಿ. ನೂಲಿನ ರೇಟಿನಷ್ಟೇ ಕರೆಂಟ್ ಬಿಲ್ಲೂ ಅಲ್ಲಿನ ಸಣ್ಣ ಮಾಲಕರ ಲಾಭ ನಷ್ಟ ತೀರ್ಮಾನಿಸುತ್ತದೆ.

ದೊಡ್ಡ ಕಂಪೆನಿಗಳಿಗೆ ಬೇರೆ ದಾರಿ ಇದೆ. 2003ರ ವಿದ್ಯುತ್ ಕಾಯ್ದೆಯ ‘ಓಪನ್ ಆಕ್ಸೆಸ್’ ಪ್ರಕಾರ ಖಾಸಗಿ ಗಾಳಿ ಘಟಕದಿಂದ ನೇರ ಕರೆಂಟ್ ಕೊಳ್ಳಬಹುದು. ತಂತಿ ಬಳಸಿದ್ದಕ್ಕೆ ಶುಲ್ಕ, ಮೇಲೆ ಸರ್ಚಾರ್ಜ್ ಕಟ್ಟಬೇಕು. 2022ರಲ್ಲಿ ಕೇಂದ್ರ ಸರಕಾರ ಹಸಿರು ವಿದ್ಯುತ್ತಿಗೆ ಇದ್ದ 1 ಮೆಗಾವ್ಯಾಟ್ ಮಿತಿಯನ್ನು 100 ಕಿಲೋವ್ಯಾಟಿಗೆ ಇಳಿಸಿತು. ಆದರೆ ನಾಲ್ಕೆಂಟು ಮಗ್ಗ ಇರುವವನಿಗೆ ಅದೂ ದೂರದ ಮಾತೇ.

ಸಣ್ಣವರಿಗೂ ಕಾನೂನಿನಲ್ಲಿ ಒಂದು ಬಾಗಿಲು ಇದೆ. ಸಹಕಾರಿ ಸಂಘವೊಂದು ಸದಸ್ಯರ ಬಳಕೆಗೆಂದೇ ಘಟಕ ಹಾಕಿದರೆ ಅದು ‘ಕ್ಯಾಪ್ಟಿವ್’ ಆಗುತ್ತದೆ. ಶೇ. 26 ಮಾಲಕತ್ವ, ವರ್ಷದ ಉತ್ಪಾದನೆಯ ಶೇ. 51 ಬಳಕೆ, ಈ ಎರಡು ಷರತ್ತನ್ನು ಸದಸ್ಯರೆಲ್ಲ ಒಟ್ಟಾಗಿ ಪೂರೈಸಿದರೆ ಸಾಕು ಎನ್ನುತ್ತದೆ 2005ರ ನಿಯಮ. ಆಗ ಕ್ರಾಸ್ ಸಬ್ಸಿಡಿ ಸರ್ಚಾರ್ಜ್ ಇಲ್ಲ. 2022ರ ನಿಯಮದಲ್ಲಿ ಕ್ಯಾಪ್ಟಿವ್ ಬಳಕೆದಾರರಿಗೆ 100 ಕಿಲೋವ್ಯಾಟ್ ಮಿತಿಯೂ ಇಲ್ಲ. ಅಂದರೆ ಸುಮ್ಮನೆ ಕೊಳ್ಳುವುದಕ್ಕಿಂತ ಪಾಲುದಾರರಾಗಿ ಬಳಸುವುದರಲ್ಲೇ ಉಳಿತಾಯ.

ಹಾಗಂತ ಸಂಘ ಕಟ್ಟಿದ ಕೂಡಲೇ ಎಲ್ಲ ಸರಿಯಾಗುವುದಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ 1969ರಲ್ಲಿ ಶುರುವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸಗಟಿನಲ್ಲಿ ಕರೆಂಟ್ ಕೊಂಡು ಇಂದಿಗೂ ತನ್ನ ಸದಸ್ಯರಿಗೆ ಹಂಚುತ್ತಿದೆ. ಮಹಾರಾಷ್ಟ್ರದ ಮುಳಾ ಪ್ರವರಾ ಸಂಘವೂ ಇದೇ ಕೆಲಸ ಮಾಡುತ್ತಿತ್ತು. ಕೊಂಡ ಕರೆಂಟಿನ ಬಾಕಿ ಬೆಟ್ಟದಷ್ಟಾಗಿ, 2011ರಲ್ಲಿ ಅದರ ಪ್ರದೇಶ ಸರಕಾರಿ ಕಂಪೆನಿ ಮಹಾವಿತರಣದ ಪಾಲಾಯಿತು. ಗಾಳಿಯದ್ದು ಇನ್ನೊಂದು ತಲೆನೋವು: ಮಳೆಗಾಲದಲ್ಲಿ ಜೋರು, ಉಳಿದ ತಿಂಗಳು ಕಮ್ಮಿ. ಆ ತಿಂಗಳುಗಳ ಬಿಲ್ಲಿಗೆ ಮೊದಲೇ ಹಣ ತೆಗೆದಿಡಬೇಕು.

ಈ ಲೆಕ್ಕ ನಮಗೂ ಅನ್ವಯ. ಬಂದರಿನ ಐಸ್ ಪ್ಲಾಂಟ್, ಮರದ ಮಿಲ್ಲು, ಕೋಲ್ಡ್ ಸ್ಟೋರೇಜ್ ನಡೆಸುವವರು ನಮ್ಮಲ್ಲಿ ಕಡಿಮೆ ಇಲ್ಲ. ಗದಗ, ಚಿತ್ರದುರ್ಗದಲ್ಲಿ ತಿರುಗುವ ಗಾಳಿಯಂತ್ರಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇವೆ, ಅಷ್ಟೇ. ಒಬ್ಬೊಬ್ಬರೇ ಹೋದರೆ ಯಾರೂ ಕೇಳುವುದಿಲ್ಲ. ಇಪ್ಪತ್ತು ಮಂದಿ ತಮ್ಮ ಒಂದು ವರ್ಷದ ಬಿಲ್ಲುಗಳನ್ನು ಒಂದೇ ಮೇಜಿನ ಮೇಲೆ ಇಟ್ಟರೆ ಮಾತುಕತೆಗೆ ಬೆಲೆ ಬರುತ್ತದೆ. ಬಿಕಾಂ, ಕಾನೂನು ಓದಿದ ನಮ್ಮ ಯುವಕರು ಆ ಬಿಲ್ಲುಗಳನ್ನು ಕೂಡಿಸುವ ಕೆಲಸದಿಂದ ಶುರು ಮಾಡಬಹುದು.